ಬಣ್ಣ ಕಮ್ಮಿ ಎಂಬ ತಪ್ಪು ಲೆಕ್ಕ

ಹಾವೇರಿಯ ಹುಡುಗಿ. ಡಿಗ್ರಿ ಮುಗಿಸಿ ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ದಿನವೂ ನಾಲ್ಕು ಜನರೆದುರು ಕುಳಿತು ಮಾತಾಡುವ ಕೆಲಸ. ಮೊದಲ ಸಂಬಳ ಬಂದ ವಾರವೇ ಒಂದು ಫೌಂಡೇಶನ್ ಟ್ಯೂಬು, ಒಂದು ಲಿಪ್‌ಸ್ಟಿಕ್, ಪುಟ್ಟದೊಂದು ಐಶ್ಯಾಡೋ ಡಬ್ಬಿ ಕೊಂಡು ತಂದಳು. ಅಂಗಡಿಯಲ್ಲಿದ್ದ ಹೆಣ್ಣುಮಗಳು ಇವಳ ಮುಂಗೈ ಮೇಲೆ ಮೂರು ಗೆರೆ ಎಳೆದು, ಅವುಗಳಲ್ಲಿ ತೀರಾ ಬೆಳ್ಳಗಿದ್ದುದನ್ನು ತೋರಿಸಿ, 'ಇದನ್ನೇ ತಗೊಳ್ಳಿ ಮೇಡಂ, ಎರಡು ಶೇಡ್ ಫೇರ್ ಕಾಣ್ತೀರಿ' ಎಂದಿದ್ದಳು. ಅಂಗಡಿಯ ಕನ್ನಡಿಯಲ್ಲಿ ಹಾಗೆಯೇ ಕಂಡಿತ್ತು ಕೂಡ.

ಹುಡುಗಿ ಮರುಮಾತಿಲ್ಲದೆ ಒಪ್ಪಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವಳನ್ನು ನೋಡಲು ಬಂದವರು ಉಪ್ಪಿಟ್ಟು, ಚಹಾ ಮುಗಿಸಿ, 'ಹುಡುಗಿ ಚಂದ ಅದಾಳ, ಬಣ್ಣ ಸ್ವಲ್ಪ ಕಮ್ಮಿ' ಎಂದು ಹೇಳಿ ಹೋಗಿದ್ದರು. ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಹಚ್ಚಿಕೊಂಡು ಅಂಗಳಕ್ಕೆ ಬಂದಾಗ, ಕಸ ಗುಡಿಸುತ್ತಿದ್ದ ಅವ್ವ ಪೊರಕೆ ಕೆಳಗಿಟ್ಟು ನೋಡಿದಳು. 'ಏನವ್ವಾ ಇದು, ಮಾರಿಗೆ ಸುಣ್ಣ ಹಚ್ಚಿದಂಗ ಆಗೇತಲ್ಲ!' ಹುಡುಗಿ ಮುಖ ತೊಳೆದುಕೊಂಡು ರೈಲಿಗೆ ಓಡಿದಳು. ಟ್ಯೂಬು ಕಪಾಟಿನ ಮೂಲೆ ಸೇರಿತು.

ಇಂಥ ಟ್ಯೂಬುಗಳು ಎಷ್ಟೋ ಮನೆಗಳ ಕಪಾಟಿನಲ್ಲಿವೆ. ತಪ್ಪು ಮುಖದ್ದಲ್ಲ, ಹಚ್ಚಿಕೊಂಡ ಕೈಯದೂ ಅಲ್ಲ. ಆರಿಸುವಾಗಲೇ ಲೆಕ್ಕ ತಪ್ಪಿರುತ್ತದೆ. ಈ ಲೆಕ್ಕ ಸರಿಪಡಿಸಲು ಹೈಸ್ಕೂಲಿನ ವಿಜ್ಞಾನ ಸಾಕು.

ಟ್ಯೂಬಿನೊಳಗಿನ ಕೆಮ್ಮಣ್ಣು

ಫೌಂಡೇಶನ್ ಎಂದರೆ ಅಡಿಪಾಯ. ಎಣ್ಣೆ ಮತ್ತು ನೀರನ್ನು ಹಾಲಿನಂತೆ ಒಂದಾಗಿಸಿದ ಮಿಶ್ರಣದಲ್ಲಿ ಬಣ್ಣದ ಪುಡಿಗಳನ್ನು ಕಲಸಿರುತ್ತಾರೆ. ಹೆಸರು, ಬೆಲೆ, ಡಬ್ಬಿ ಎಷ್ಟೇ ಬೇರೆಯಾದರೂ ಈ ಪುಡಿಗಳು ಮುಖ್ಯವಾಗಿ ನಾಲ್ಕೇ. ಕೆಂಪು, ಹಳದಿ ಮತ್ತು ಕಪ್ಪು ಬಣ್ಣದ ಮೂರು ಕಬ್ಬಿಣದ ಆಕ್ಸೈಡುಗಳು, ಜೊತೆಗೆ ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಸಿ.ಐ. 77491, 77492, 77499 ಮತ್ತು 77891 ಎಂದು ಬರೆದಿರುವುದು ಇವನ್ನೇ.

ಕೆಂಪು ಆಕ್ಸೈಡ್ ನಮಗೆ ಹೊಸದಲ್ಲ. ರಂಗೋಲಿಯ ಸುತ್ತ ಬಳಿಯುವ ಕೆಮ್ಮಣ್ಣಿನ ಕೆಂಪು ಅದೇ. ಬಿಳಿಯ ಪುಡಿಯೂ ಹೊಸದಲ್ಲ. ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿರುವುದು ಇದೇ ಟೈಟಾನಿಯಂ ಡೈಆಕ್ಸೈಡ್. ಬೆಳಕನ್ನು ಚದುರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದ್ದರಿಂದಲೇ ತೆಳುವಾಗಿ ಬಳಿದರೂ ಕೆಳಗಿನ ಕಲೆಯನ್ನು ಮುಚ್ಚುತ್ತದೆ. ಶೇಡ್ ತಿಳಿಯಾದಷ್ಟೂ ಇದರ ಪ್ರಮಾಣ ಹೆಚ್ಚು.

ಹಾಗಾದರೆ ಹುಡುಗಿಯ ಮುಖ ಬೆಳ್ಳಗಾಗುವ ಬದಲು ಬೂದಿಯ ಬಣ್ಣಕ್ಕೆ ತಿರುಗಿದ್ದೇಕೆ? ಅಡುಗೆಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ತಣ್ಣಗಿರುವ ಕಪ್ಪು ಕಾವಲಿಯ ಮೇಲೆ ನೀರು ಬೆರೆಸಿದ ಹಾಲನ್ನು ತೆಳುವಾಗಿ ಸವರಿ ನೋಡಿ. ಹಾಲು ಬಿಳಿ, ಆದರೆ ಕಾವಲಿಯ ಮೇಲಿನ ಪದರ ನೀಲಿ ಬೆರೆತ ಬೂದಿಯಾಗಿ ಕಾಣುತ್ತದೆ. ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಉಳಿದ ಬೆಳಕನ್ನು ಕೆಳಗಿನ ಕಪ್ಪು ನುಂಗುತ್ತದೆ. ಎಣ್ಣೆಗಪ್ಪು ಮೈಯ ಮೇಲೆ ತೀರಾ ತಿಳಿಯಾದ ಫೌಂಡೇಶನ್ ಮಾಡುವುದೂ ಇದನ್ನೇ. ಮೈಬಣ್ಣಕ್ಕೆ ಹೊಂದುವ ಕೆಂಪು, ಹಳದಿ ಅದರಲ್ಲಿ ಸಾಕಷ್ಟಿಲ್ಲ, ಬಿಳಿ ಮಾತ್ರ ಮಿತಿಮೀರಿದೆ.

ಇದರಲ್ಲಿ ತಯಾರಕರ ಪಾಲೂ ಇದೆ. ಮ್ಯಾಕ್ಸ್ ಫ್ಯಾಕ್ಟರ್ 1930ರ ದಶಕದಲ್ಲಿ ಹಾಲಿವುಡ್‌ನ ವರ್ಣಚಿತ್ರಗಳಿಗಾಗಿ 'ಪ್ಯಾನ್‌ಕೇಕ್' ತಯಾರಿಸಿದಾಗ ಕ್ಯಾಮೆರಾದ ಮುಂದಿದ್ದವರು ಬಹುಪಾಲು ಬಿಳಿಯರೇ. ನಮ್ಮಲ್ಲಿ 1952ರಲ್ಲಿ ಲ್ಯಾಕ್ಮೆ ಆರಂಭವಾಯಿತು. ಆದರೂ ಎಷ್ಟೋ ಕಾಲ ಅಂಗಡಿಗಳಲ್ಲಿ ಬಗೆಬಗೆಯ ಬಿಳುಪು ಸಿಗುತ್ತಿತ್ತೇ ಹೊರತು ಬಗೆಬಗೆಯ ಕಂದು ಸಿಗುತ್ತಿರಲಿಲ್ಲ. 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ ಒಂದೇ ಸಲಕ್ಕೆ 40 ಶೇಡುಗಳನ್ನು ತಂದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಈಗ ನಮ್ಮ ಅಂಗಡಿಗಳಲ್ಲೂ ಕಂದು ಬಣ್ಣದ ಶೇಡುಗಳಿಗೆ ಬರವಿಲ್ಲ. ಕೇಳಿ ತೆಗೆಸಿಕೊಳ್ಳಬೇಕು, ಅಷ್ಟೆ.

ಸೀರೆ ಅಂಗಡಿಯ ಪಾಠ

ಒಂದು ಭಾನುವಾರ ಹುಡುಗಿ ಅವ್ವನನ್ನೇ ಜೊತೆಗೆ ಕರೆದುಕೊಂಡು ಅದೇ ಅಂಗಡಿಗೆ ಹೋದಳು. ಅವ್ವನಿಗೆ ಫೌಂಡೇಶನ್ ಗೊತ್ತಿಲ್ಲ, ಆದರೆ ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವುದು ಚೆನ್ನಾಗಿ ಗೊತ್ತು. ಮಗಳ ಮುಖಕ್ಕೆ ಎರಡು ಶೇಡು ಹಚ್ಚಿಸಿದ ಮೇಲೆ, 'ಇಲ್ಲಿ ಲೈಟಿನ್ಯಾಗ ಏನ್ ತಿಳೀತೈತಿ, ಬಾಗಲಿಗೆ ಬಾ' ಎಂದು ರಟ್ಟೆ ಹಿಡಿದು ಹೊರಗೆ ಕರೆತಂದಳು.

ಅವ್ವ ಮಾಡಿದ್ದು ಶುದ್ಧ ವಿಜ್ಞಾನ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ದೀಪಗಳ ಬೆಳಕು ಬಿಳಿಯಾಗಿ ಕಂಡರೂ ಅದರಲ್ಲಿ ಕೆಲವು ಬಣ್ಣಗಳು ಹೆಚ್ಚು, ಕೆಲವು ಕಡಿಮೆ. ಹೀಗಾಗಿ ಒಂದು ದೀಪದಡಿ ಒಂದೇ ಬಣ್ಣದಂತೆ ಕಂಡ ಎರಡು ವಸ್ತುಗಳು ಬಿಸಿಲಿಗೆ ಬಂದಾಗ ಬೇರೆಬೇರೆಯಾಗಿ ಕಾಣಬಹುದು. ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಸೀರೆ ಅಂಗಡಿಯ ಬಾಗಿಲಲ್ಲಿ ನಿಂತು ಸೆರಗು ಬಿಡಿಸಿ ನೋಡುವ ಹೆಂಗಸರಿಗೆ ಈ ಹೆಸರು ತಿಳಿಯದಿರಬಹುದು, ವಿಷಯ ತಿಳಿದಿದೆ.

ಪರೀಕ್ಷೆ ಮಾಡಬೇಕಾದ ಜಾಗ ಮುಂಗೈ ಅಲ್ಲ. ಮುಂಗೈಯ ಬಣ್ಣವೂ ಮುಖದ ಬಣ್ಣವೂ ಒಂದೇ ಆಗಿರುವುದಿಲ್ಲ. ಮುಖ ಮತ್ತು ಕುತ್ತಿಗೆ ಕೂಡುವ ದವಡೆಯಂಚಿನಲ್ಲಿ, ಪಕ್ಕಪಕ್ಕದಲ್ಲಿ ಎರಡು ಮೂರು ಶೇಡುಗಳ ಗೆರೆ ಎಳೆಯಬೇಕು. ಯಾವ ಗೆರೆ ಮಾಯವಾಗುತ್ತದೋ ಅದು ನಿಮ್ಮದು. ಎದ್ದು ಕಾಣುವುದಲ್ಲ, ಕಾಣದೆ ಹೋಗುವುದೇ ಸರಿಯಾದ ಶೇಡ್. ತಕ್ಷಣ ತೀರ್ಮಾನಿಸುವುದೂ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ನೀರಿನಂಶ ಆರಿ, ಮೈಯ ಜಿಡ್ಡು ಬೆರೆತು ಬಣ್ಣ ತುಸು ಗಾಢವಾಗುವುದುಂಟು. ಅಷ್ಟರಲ್ಲಿ ಒಂದು ಸುತ್ತು ತಿರುಗಾಡಿ ಬರಬಹುದು.

ಸಾರಿಸಿದ ನೆಲದ ಮೇಲೆ ರಂಗೋಲಿ

ಒಣ ನೆಲದ ಮೇಲೆ ಎಳೆದ ರಂಗೋಲಿ ಗಾಳಿಗೆ ಹಾರುತ್ತದೆ. ನೀರು ಚಿಮುಕಿಸಿ ಸಾರಿಸಿದ ನೆಲದ ಮೇಲೆ ಅದೇ ಪುಡಿ ಕಚ್ಚಿಕೊಂಡು ಕೂರುತ್ತದೆ. ಐಶ್ಯಾಡೋಗೆ ಮೊದಲು ಹಚ್ಚುವ ಬೇಸ್ ಮಾಡುವ ಕೆಲಸವೂ ಇಷ್ಟೆ.

ಕಣ್ಣಿನ ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳು. ಎಚ್ಚರವಾಗಿರುವಷ್ಟು ಹೊತ್ತೂ ಮಡಚುತ್ತ ಬಿಚ್ಚುತ್ತ ಇರುತ್ತದೆ, ಜಿಡ್ಡೂ ಸುರಿಯುತ್ತದೆ. ಬರಿಯ ಪುಡಿ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಅದು ಮಡಿಕೆಯಲ್ಲಿ ಗೆರೆಯಾಗಿ ಸೇರಿಕೊಳ್ಳುತ್ತದೆ. ಮೇಣ ಮತ್ತು ಸಿಲಿಕೋನಿನಿಂದ ಮಾಡಿದ ಬೇಸನ್ನು ಬೆರಳ ತುದಿಯಿಂದ ತೆಳುವಾಗಿ ತಟ್ಟಿದರೆ ಚರ್ಮದ ಗೆರೆಗಳು ತುಂಬಿ, ಪುಡಿಗೆ ಹಿಡಿತ ಸಿಗುತ್ತದೆ. ಹೆಚ್ಚು ಹಚ್ಚಿದರೆ ಬೇಸೇ ಜಾರುತ್ತದೆ. ರಾಡಿಯಾದ ಅಂಗಳದಲ್ಲಿ ರಂಗೋಲಿ ನಿಲ್ಲುವುದೇ?

ಬಿಳಿ ಬೇಸ್ ಮೇಲೆ ಬಣ್ಣ ಎದ್ದು ಕಾಣುತ್ತದೆ. ಅದು ನಾಟಕಕ್ಕೆ, ಮದುವೆಯ ಫೋಟೋಕ್ಕೆ ಸರಿ. ದಿನನಿತ್ಯ ಕಚೇರಿಗೆ ಹೋಗುವವರಿಗೆ ಮೈಬಣ್ಣದ ಬೇಸ್, ಅದರ ಮೇಲೆ ತಾಮ್ರ ಅಥವಾ ಕಂದು ಬಣ್ಣ ಒಪ್ಪುತ್ತದೆ. ಐಶ್ಯಾಡೋದ ಮಿನುಗಿಗೆ ಕಾರಣ ಅಭ್ರಕದ, ಅಂದರೆ ಕಾಗೆಬಂಗಾರದ, ಪುಡಿ. ಅದರ ಚೂರುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಲೇಪವಿರುತ್ತದೆ. ಲೇಪದ ದಪ್ಪ ಬದಲಾದಂತೆ ಸೋಪಿನ ಗುಳ್ಳೆಯ ಮೇಲೆ ಕಾಣುವ ಹಾಗೆ ಬಣ್ಣ ಬದಲಾಗುತ್ತದೆ.

ಹರಳೆಣ್ಣೆ ಮತ್ತು ಮೇಣ

ಲಿಪ್‌ಸ್ಟಿಕ್ಕಿನ ಮೈ ಮೇಣದ್ದು, ಜೀವ ಎಣ್ಣೆಯದು. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬ್ರೆಜಿಲಿನ ತಾಳೆಯೊಂದರ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣ ಕರಗಲು 80 ಡಿಗ್ರಿ ದಾಟಬೇಕು. ಇವೆರಡರ ಹದ ಸರಿಯಿದ್ದರೆ ಕಲಬುರಗಿಯ ಮೇ ತಿಂಗಳಲ್ಲೂ ಕಡ್ಡಿ ಕರಗಿ ನೀರಾಗುವುದಿಲ್ಲ. ಎಣ್ಣೆಗಳಲ್ಲಿ ಮುಖ್ಯವಾದುದು ನಮ್ಮ ಹರಳೆಣ್ಣೆ. ಎಣ್ಣೆ ಹೆಚ್ಚಿದ್ದರೆ ಹೊಳಪು, ಎಣ್ಣೆ ಕಡಿಮೆಯಿದ್ದು ಪುಡಿ ಹೆಚ್ಚಿದ್ದರೆ ಹೊಳಪಿಲ್ಲದ ಮ್ಯಾಟ್. ತುಟಿಗೆ ಚರ್ಮದಂತೆ ಬೆವರಿನ ಗ್ರಂಥಿಗಳಿಲ್ಲ, ಅದರ ಮೇಲ್ಪದರವೂ ತೆಳು. ಅದಕ್ಕೇ ಮ್ಯಾಟ್ ಹಚ್ಚಿದಾಗ ಬೇಗ ಒಣಗಿ ಬಿರಿಯುತ್ತದೆ. ಮೊದಲು ತುಸು ತುಪ್ಪ ಅಥವಾ ಲಿಪ್ ಬಾಮ್ ಸವರಿ, ಐದು ನಿಮಿಷ ಬಿಟ್ಟು, ಒರೆಸಿ ಹಚ್ಚಿದರೆ ತುಟಿಗೂ ಸಾರಿಸಿದ ನೆಲ ಸಿದ್ಧವಾಯಿತು.

ಕೆಲವು ಲಿಪ್‌ಸ್ಟಿಕ್‌ಗಳ ಕೆಂಪು ಕಾರ್ಮೈನ್‌ನದು. ಅದನ್ನು ಕೊಚಿನೀಲ್ ಎಂಬ ಕೀಟದಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳು ಡಬ್ಬಿಯ ಹಿಂದೆ ಸಿ.ಐ. 75470 ಇದೆಯೇ ಎಂದು ನೋಡಿಕೊಳ್ಳಬಹುದು. ಹಾವೇರಿ ಜಿಲ್ಲೆಯದೇ ಆದ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಕೆಂಪನ್ನೂ ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೆ ಬಳಸುವುದುಂಟು.

ಲಿಪ್‌ಸ್ಟಿಕ್ ಪರೀಕ್ಷಿಸಲು ಬೆರಳ ತುದಿ ಸಾಕು. ತುಟಿಯ ಬಣ್ಣಕ್ಕೆ ಮುಂಗೈಗಿಂತ ಬೆರಳ ತುದಿ ಹತ್ತಿರ. ಅಂಗಡಿಯಲ್ಲಿ ಎಲ್ಲರೂ ಮುಟ್ಟಿದ ಕಡ್ಡಿಯನ್ನು ತುಟಿಗೆ ಸೋಕಿಸಲೇಬಾರದು. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಹಾಗೆಯೇ ಹರಡಬಹುದು.

ಮುಚ್ಚುವುದು ಬೇರೆ, ಬಿಳಿಚಿಸುವುದು ಬೇರೆ

ಲಿಪ್‌ಸ್ಟಿಕ್‌ನಲ್ಲಿ ಸೀಸವಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಮೆರಿಕದ ಎಫ್‌ಡಿಎ 400 ಲಿಪ್‌ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಸಿಕ್ಕ ಸರಾಸರಿ ಹತ್ತು ಲಕ್ಷದಲ್ಲಿ 1.11 ಭಾಗ. ಇದು ಗಾಬರಿಪಡುವ ಪ್ರಮಾಣವಲ್ಲ. ನಮ್ಮ ನಿಯಮಗಳ ಪ್ರಕಾರ ಸೌಂದರ್ಯವರ್ಧಕಗಳಿಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಭಾಗ ಮೀರುವಂತಿಲ್ಲ. ನಿಜವಾಗಿ ಅಂಜಬೇಕಾದುದು ಸಂತೆ, ಜಾತ್ರೆಗಳಲ್ಲಿ ಸಿಗುವ ಹೆಸರಿಲ್ಲದ ಸುರ್ಮಾಕ್ಕೆ. ಕೆಲವು ಸುರ್ಮಾಗಳು ಬಹುಪಾಲು ಸೀಸದ ಸಲ್ಫೈಡೇ. ಮಕ್ಕಳ ಕಣ್ಣಿಗಂತೂ ಅದು ಬೇಡವೇ ಬೇಡ.

ಅದಕ್ಕಿಂತ ದೊಡ್ಡ ಅಪಾಯ ಬೆಳ್ಳಗಾಗಿಸುತ್ತೇವೆಂದು ಮಾರುವ, ತಯಾರಕರ ವಿಳಾಸವಿಲ್ಲದ ಕ್ರೀಮುಗಳದು. ಅವುಗಳಲ್ಲಿ ಕೆಲವಕ್ಕೆ ಪಾದರಸ ಸೇರಿಸಿರುತ್ತಾರೆ. ಮೈಬಣ್ಣ ತಯಾರಾಗಲು ಬೇಕಾದ ಕಿಣ್ವವನ್ನು ಪಾದರಸ ತಡೆಯುತ್ತದೆ, ಜೊತೆಗೆ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯಿದ್ದ 22 ಮಂದಿಯನ್ನು ಪರಿಶೀಲಿಸಿದಾಗ, ಅವರಲ್ಲಿ 13 ಮಂದಿ ಇಂಥ ಕ್ರೀಮು ಬಳಸಿದ್ದುದು ತಿಳಿದುಬಂತು. ಫೌಂಡೇಶನ್ ರಾತ್ರಿ ತೊಳೆದರೆ ಹೋಗುತ್ತದೆ. ಪಾದರಸ ಹಾಗೆ ಹೋಗುವುದಿಲ್ಲ.

ಹೊಸದೇನನ್ನೇ ಕೊಂಡರೂ ಮೊದಲು ಮೊಣಕೈಯ ಒಳಮಗ್ಗುಲಿಗೆ ಚೂರು ಹಚ್ಚಿ ಎರಡು ದಿನ ಕಾಯುವುದು ಕ್ಷೇಮ. ತುರಿಕೆ, ಕೆಂಪು ಕಂಡರೆ ಮುಖಕ್ಕೆ ಬೇಡ. ರಾತ್ರಿ ಮಲಗುವ ಮೊದಲು ಎಲ್ಲವನ್ನೂ ತೆಗೆಯಲೇಬೇಕು. ಎಣ್ಣೆಯಲ್ಲಿ ಕಲಸಿದ್ದನ್ನು ತೆಗೆಯಲು ಎಣ್ಣೆಯೇ ಬೇಕು. ಯಕ್ಷಗಾನದ ಕಲಾವಿದರು ಆಟ ಮುಗಿದ ಮೇಲೆ ತೆಂಗಿನೆಣ್ಣೆ ಸವರಿ ಬಣ್ಣ ಬಿಡಿಸುವುದು ಇದಕ್ಕಾಗಿಯೇ.

ಅಂದು ಅಂಗಡಿಯ ಬಾಗಿಲಲ್ಲಿ ಅವ್ವ ಬೆರಳಿಟ್ಟು ತೋರಿಸಿದ್ದು, ಮೊದಲು ಕೊಂಡಿದ್ದಕ್ಕಿಂತ ನಾಲ್ಕು ಶೇಡ್ ಗಾಢವಾದ ಕಂದು. ದವಡೆಯ ಮೇಲೆ ಗೆರೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಬೆಲೆ ಮಾತ್ರ ಅಷ್ಟೇ.

ಹಿಂದಿರುಗುವ ದಾರಿಯಲ್ಲಿ ಹುಡುಗಿ, ಹೈಸ್ಕೂಲಿನಲ್ಲಿ ಓದಿದ್ದೊಂದನ್ನು ಅವ್ವನಿಗೆ ಹೇಳಿದಳು. ಮೈಬಣ್ಣ ಬರುವುದು ಮೆಲನಿನ್ ಎಂಬ ವಸ್ತುವಿನಿಂದ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಕಪ್ಪಗಿರುವವರಲ್ಲಿ ಅವು ಹೆಚ್ಚು ಬಣ್ಣ ತಯಾರಿಸುತ್ತವೆ, ಆ ಬಣ್ಣ ಬಿಸಿಲಿನ ಅತಿನೇರಳೆ ಕಿರಣಗಳಿಂದ ಮೈಯನ್ನು ಕಾಯುತ್ತದೆ. ಅಂದರೆ, ಬಂದವರು ಕಮ್ಮಿ ಎಂದು ಹೇಳಿ ಹೋದ ಬಣ್ಣ ಇರುವುದು ಹೆಚ್ಚು.

ಅವ್ವ ಒಂದು ಕ್ಷಣ ಯೋಚಿಸಿದಳು. ಆಮೇಲೆ ನಕ್ಕು, 'ಹಂಗಾರ ಅವರ ಲೆಕ್ಕಾನ ತಪ್ಪೇತಿ, ಬಿಡು' ಎಂದಳು.