ರುಜು ಯಾರದು? ಮೈ ಯಾರದು?

ಸದ್ಭಕ್ತರಲ್ಲಿಯೂ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇಂದು ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಕೆಲವು ತಿಂಗಳ ಹಿಂದೆ, ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ದೊಡ್ಡ ಹುದ್ದೆಯಲ್ಲಿರುವ ಯುವಕರೊಬ್ಬರು ದರ್ಶನಕ್ಕೆ ಬಂದಿದ್ದರು. ನಿಲಯದ ಮಕ್ಕಳ ರಕ್ತವನ್ನು ಪರೀಕ್ಷಿಸಿ, ಅವರ ಮಣಿಕಟ್ಟಿಗೆ ಹೊಸದೊಂದು ಯಂತ್ರವನ್ನು ಕಟ್ಟಿ, ಆರು ತಿಂಗಳು ಅಧ್ಯಯನ ನಡೆಸುವುದು ಅವರ ಸಂಸ್ಥೆಯ ಉದ್ದೇಶ. ತಂದೆತಾಯಿಗಳ ಒಪ್ಪಿಗೆ ಎಲ್ಲಿ ಎಂದು ಕೇಳಿದೆವು. "ಬುದ್ಧೀ, ಅವರು ದೂರದ ಹಳ್ಳಿಗಳವರು, ಓದುಬರಹ ಬಾರದವರು. ತಮ್ಮದೊಂದು ರುಜುವಾದರೆ ಸಾಕು" ಎಂದರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೂ ನಾವು ರುಜು ಹಾಕಲಿಲ್ಲ. ಏಕೆಂಬುದನ್ನು ನೀವೆಲ್ಲರೂ ತಿಳಿಯಬೇಕು.

2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯನ್ನು 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಹಾಕಿ ಅಧ್ಯಯನ ನಡೆಸಲಾಯಿತು. ಅಮೆರಿಕದ ಪಾಥ್ ಸಂಸ್ಥೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಜ್ಯ ಸರ್ಕಾರವೂ ಕೂಡಿ ಕೈಗೊಂಡ ಕಾರ್ಯವದು. ಆ ಮಕ್ಕಳಲ್ಲಿ ಅನೇಕರು ವಸತಿಶಾಲೆಗಳಲ್ಲಿದ್ದ ಆದಿವಾಸಿ ಬಾಲಕಿಯರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿ ಹೊರಬಂದಾಗ, ಆಂಧ್ರದ 9,543 ಒಪ್ಪಿಗೆಪತ್ರಗಳಲ್ಲಿ 2,763ಕ್ಕೆ ರುಜು ಹಾಕಿದವರು ವಸತಿನಿಲಯದ ವಾರ್ಡನ್ನರು ಎಂಬುದು ತಿಳಿದುಬಂದಿತು. ಹೆತ್ತವರು ಬದುಕಿರುವಾಗಲೇ ಅವರ ಹಕ್ಕನ್ನು ಅನ್ನ ಹಾಕುವ ಕೈ ಕಸಿದುಕೊಂಡಿತ್ತು.

ಲಸಿಕೆಯೇ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ಆ ಅವಧಿಯಲ್ಲಿ ಸಂಭವಿಸಿದ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುತ್ತದೆ. ಹಾಗಿದ್ದ ಮೇಲೆ ನಷ್ಟವಾದುದೇನು? ಕೇಳದೆ ಕೊಟ್ಟುದರಿಂದ ಒಳ್ಳೆಯ ಔಷಧಿಯ ಮೇಲೂ ಜನರಿಗೆ ಸಂಶಯ ಮೂಡಿತು. ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಅಪಕಾರವುಂಟೇ?

"ಹೀಗೆಂದರೆ ಬಡವರಲ್ಲಿ ಸಂಶೋಧನೆಯೇ ಬೇಡವೇ?" ಎಂದು ನೀವು ಕೇಳಬಹುದು. ಖಂಡಿತ ಬೇಕು. ಅದನ್ನು ಮಾಡುವ ರೀತಿಯನ್ನು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ತೋರಿಸಿದ್ದಾರೆ. ಅವರು ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಆರೈಕೆಯನ್ನು ಮನೆಬಾಗಿಲಿಗೆ ಒಯ್ದರು. ಎಣಿಕೆ ಬಾರದ ಸೂಲಗಿತ್ತಿಯೂ ಕೂಸಿನ ಉಸಿರನ್ನು ಲೆಕ್ಕಹಾಕಿ ನ್ಯುಮೋನಿಯಾವನ್ನು ಗುರುತಿಸಲೆಂದು, ಮರಳುಗಡಿಯಾರವನ್ನೂ ಮಣಿಗಳನ್ನೂ ಜೋಡಿಸಿ ಸರಳ ಸಾಧನವೊಂದನ್ನು ರೂಪಿಸಿದರು. 39 ಹಳ್ಳಿಗಳಲ್ಲಿ ನಡೆದ ಈ ಅಧ್ಯಯನದ ಫಲ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರನೆಯ ವರ್ಷದ ವೇಳೆಗೆ, ಹೋಲಿಕೆಗೆಂದು ಆರಿಸಿದ್ದ ಹಳ್ಳಿಗಳಿಗಿಂತ ಇಲ್ಲಿ ನವಜಾತ ಶಿಶುಮರಣ ಶೇಕಡಾ 62ರಷ್ಟು ತಗ್ಗಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಇಂತಹ ಮನೆ ಆರೈಕೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶದಲ್ಲೆಲ್ಲ ಕೈಗೆತ್ತಿಕೊಂಡಿತು. ಖಮ್ಮಂನಲ್ಲಿ ಜನ ಸಾಮಗ್ರಿಯಾದರು; ಗಡಚಿರೋಲಿಯಲ್ಲಿ ಜನ ಸಹಕರ್ತರಾದರು. ಅಲ್ಲಿ ಕಲಿತ ವಿದ್ಯೆ ಹಳ್ಳಿಯಲ್ಲಿಯೇ ಉಳಿಯಿತು.

ವೈದ್ಯರೂ ಇಂಜಿನಿಯರರೂ ಆಗಿರುವ ನಮ್ಮ ಮಕ್ಕಳೇ, ಬಡವರ ಕೇರಿಗೆ ಯಂತ್ರ ಹಿಡಿದು ಹೋಗುವ ಮುನ್ನ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿರಿ. ಅವರ ನುಡಿಯಲ್ಲಿ ಅವರಿಗೆ ತಿಳಿಹೇಳಿದ್ದೇವೆಯೇ? "ಬೇಡ" ಎಂದರೆ ಅನ್ನಕ್ಕೂ ಆಶ್ರಯಕ್ಕೂ ಸಂಚಕಾರ ಬಾರದೆಂಬ ನಂಬಿಕೆ ಅವರಿಗಿದೆಯೇ? ನಾವು ಹಿಂದಿರುಗಿದ ಮೇಲೆ ಅಲ್ಲಿ ಏನು ಉಳಿಯುತ್ತದೆ?

ದಾಸೋಹವೆಂದರೆ ಕೊಡುವುದಷ್ಟೇ ಅಲ್ಲ, ಕೊಟ್ಟುದಕ್ಕೆ ಋಣ ಹೊರಿಸದಿರುವುದೂ ಹೌದು. ಮಠ ಅನ್ನವಿಕ್ಕಿದೆ ಎಂದ ಮಾತ್ರಕ್ಕೆ ಮಗುವಿನ ಮೈ ಮಠದ್ದಾಗುವುದಿಲ್ಲ. ಆ ಯುವಕರಿಗೂ ನಾವು ಹೇಳಿದ್ದು ಇಷ್ಟೇ: ಜಾತ್ರೆಗೆ ಮಕ್ಕಳ ತಂದೆತಾಯಿಗಳು ಬರುತ್ತಾರೆ. ನೀವೂ ಬನ್ನಿ, ಅವರೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಎಲ್ಲವನ್ನೂ ವಿವರಿಸಿ. ಅವರು ಒಪ್ಪಿದರೆ ನಮ್ಮ ಅಡ್ಡಿಯಿಲ್ಲ. ಅವರು ಒಲ್ಲೆನೆಂದರೆ ನಮ್ಮ ರುಜುವಿಗೆ ಬೆಲೆಯಿಲ್ಲ.