ಯಾರ ಎದೆಯ ಕೂಗು?

ಗೋಡೆಗೆ ಕಪ್ಪು ಬಳಿದರೆ, ದೀಪ ತಗ್ಗಿಸಿದರೆ, ಕಿವಿ ಗಡಚಿಕ್ಕುವಂತೆ ನಗಾರಿ ಬಡಿದರೆ ಅಭಿವ್ಯಕ್ತಿ ಪಂಥದ ಕಲೆಯಾಯಿತು ಎಂದು ನಂಬಿದವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ.

ಕಣ್ಣಿಗೆ ಕಂಡದ್ದನ್ನು ಕಂಡಂತೆ ಚಿತ್ರಿಸುವುದು ಒಂದು ದಾರಿ. ಎದೆಯೊಳಗಿನ ತಳಮಳವನ್ನು ತೋರಿಸಲೆಂದು ಕಂಡದ್ದನ್ನೇ ತಿರುಚುವುದು ಈ ಪಂಥದ ದಾರಿ. 1893ರಲ್ಲಿ ನಾರ್ವೆಯ ಮುಂಕ್ ಚೀರುವ ಮನುಷ್ಯನ ಮೇಲೆ ನೆತ್ತರಿನಂಥ ಆಕಾಶ ಬರೆದ. 1905ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ತರುಣ ಚಿತ್ರಗಾರರ ಕೂಟವೇ ಹುಟ್ಟಿತು. ಸಂಗೀತದಲ್ಲಿ ಶೋನ್‌ಬರ್ಗ್ ಶ್ರುತಿಯ ಹಳೆಯ ಕಟ್ಟನ್ನೇ ಮುರಿದ.

ದುಡಿಯುವವನಿಗೆ ಇದರಿಂದೇನು? ಗಿಯೋರ್ಗ್ ಕೈಸರನ 1918ರ 'ಗ್ಯಾಸ್' ನಾಟಕವನ್ನು ನೋಡಿ. ಕಾರ್ಖಾನೆ ಸಿಡಿದು ಜನ ಸತ್ತಿದ್ದಾರೆ. ಒಬ್ಬ ತಂಗಿ ಹೇಳುತ್ತಾಳೆ: ನನ್ನಣ್ಣ ಮನುಷ್ಯನಾಗಿರಲಿಲ್ಲ, ಸನ್ನೆ ಒತ್ತುವ ಒಂದು ಕೈಯಾಗಿದ್ದ. ತಾಯಿಗೆ ಮಗ ಬರಿಯ ಎರಡು ಕಣ್ಣು. ಹೆಂಡತಿಗೆ ಗಂಡ ಬರಿಯ ಒಂದು ಕಾಲು. ಗಿರಣಿಯ ಮಗ್ಗದ ಮುಂದೆ ನಿಂತವರಿಗೆ ಇದಕ್ಕೆ ವ್ಯಾಖ್ಯಾನ ಬೇಕೆ? ಎರ್ನ್ಸ್ಟ್ ಟಾಲರ್ ಜನಸಮೂಹವನ್ನು ಕುರಿತ ತನ್ನ ನಾಟಕವನ್ನು ಬರೆದದ್ದು ಸೆರೆಮನೆಯಲ್ಲಿ. 1937ರಲ್ಲಿ ಹಿಟ್ಲರನ ಸರ್ಕಾರ ಈ ಪಂಥದ ಚಿತ್ರಗಳನ್ನು 'ಕೆಟ್ಟುಹೋದ ಕಲೆ' ಎಂದು ಮ್ಯೂನಿಕ್‌ನಲ್ಲಿ ಪ್ರದರ್ಶನಕ್ಕಿಟ್ಟು ಹೀಯಾಳಿಸಿತು. ಬೆದರದವರನ್ನು ಯಾರೂ ಹೀಗೆ ಹೀಯಾಳಿಸುವುದಿಲ್ಲ!

ಈಗ ನಮ್ಮ ಮನೆಬಾಗಿಲಿಗೆ ಬರೋಣ. 2018ರಲ್ಲಿ, ಮತ್ತೆ 2022ರಲ್ಲಿ 'ಕೆ.ಜಿ.ಎಫ್.' ಚಲನಚಿತ್ರ ಬಂತು. ನಮ್ಮ ಸಯನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣವಾಯಿತು. ಕತ್ತಲೆ, ಹೊಗೆ, ಮಸಿಮೆತ್ತಿದ ಮುಖಗಳು, ಎಲ್ಲವೂ ಆ ಪಂಥದ ವೇಷವೇ. ಆದರೆ ಯಾರ ಎದೆಯ ಕೂಗು ಅದು? ಸಾವಿರಾರು ಕೂಲಿಗಳು ಮೂಕ ಹಿಂಡಾಗಿ ನಿಂತಿರುತ್ತಾರೆ. ಬೊಂಬಾಯಿಯಿಂದ ಒಬ್ಬ ವೀರ ಬಂದು ಅವರನ್ನು ಉದ್ಧರಿಸುತ್ತಾನೆ. ಕತೆ ಕಲ್ಪಿತವೆನ್ನುತ್ತಾರೆ. ಇರಲಿ. ಊರಿನ ಹೆಸರು ಮಾತ್ರ ನಮ್ಮದು!

ನಿಜದ ಗಣಿಯ ಕಥೆ ಬೇರೆ. ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದ ತಮಿಳು, ತೆಲುಗು ಕೂಲಿಗಳು ಉದ್ಧಾರಕನಿಗಾಗಿ ಕಾಯಲಿಲ್ಲ. ಅಂಗೀಕೃತ ಸಂಘವೂ ಇಲ್ಲದ 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಲೊಲ್ಲೆವೆಂದು ಕೆಲಸ ನಿಲ್ಲಿಸಿದರು. 1946ರಲ್ಲಿ ಪೊಲೀಸರ ಗುಂಡಿಗೆ ಜೀವ ತೆತ್ತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೂಲಿಯವನ ಸಂಬಳ ನಿಂತರೆ ಅವನಿಗೆ ಸಾಲ ಕೊಟ್ಟ ಅಂಗಡಿಯವನ ಲೆಕ್ಕದ ಪುಸ್ತಕವೂ ಅಲ್ಲಿಗೇ ನಿಲ್ಲುತ್ತದೆ. ಇದನ್ನು ವರ್ತಕ ಮಿತ್ರರಿಗೆ ನಾವು ಹೇಳಬೇಕಿಲ್ಲ. ಅಂದಿನಿಂದ ಗಣಿಯ ಮಕ್ಕಳು ನಸುಕಿಗೇ ಮಾರಿಕುಪ್ಪಂ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದಾರೆ.

ಈ ರೈಲಿನಲ್ಲಿ ತೂಕಡಿಸುವವನ ಕಣ್ಣಿಗೆ ಲೋಕ ಹೇಗೆ ವಾಲಿ ಕಾಣುತ್ತದೆ? ಗಣಿಯ ಧೂಳು ತುಂಬಿದ ಎದೆಯ ಮುದುಕನ ಕೆಮ್ಮಿಗೆ ಯಾವ ರಾಗ? ಅದನ್ನು ತೋರಿಸಿದ ದಿನ ಅಭಿವ್ಯಕ್ತಿ ಪಂಥ ಕೋಲಾರ ಚಿನ್ನದ ಗಣಿಗೆ ಬಂತೆನ್ನುತ್ತೇವೆ. ಕೋಟಿ ಹಣ ಬೇಡ. ಲೈನು ಮನೆಗಳ ನಡುವೆ ಒಂದು ಬಯಲು, ಒಂದು ಲಾಟೀನು, ನುಡಿಯಬಲ್ಲ ನಾಲ್ವರು ಸಾಕು. ಹಿಂಡೆಂದು ಕರೆಸಿಕೊಂಡವರು ಬಾಯಿ ತೆರೆಯಲಿ. ವೀರನು ಕೆಳಗೆ ಕುಳಿತು ಕೇಳಲಿ!