ಕಡ್ಡಾಯದ ಚರಿತ್ರಾಭ್ಯಾಸ

ವೈದ್ಯನೋ ಯಂತ್ರಶಿಲ್ಪಿಯೋ ಆಗಬಯಸಿ ಕಾಲೇಜಿಗೆ ಸೇರಿದ ತರುಣನಿಗೆ ದೇಶದ ಚರಿತ್ರೆಯನ್ನೂ ರಾಜ್ಯಾಂಗವನ್ನೂ ಕಡ್ಡಾಯವಾಗಿ ಓದಿಸತಕ್ಕದ್ದೇ? ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯು ಮರಳಿ ಮರಳಿ ಏಳುತ್ತಿರುವುದು. ಅಲ್ಲಿ ವಿದ್ಯಾಭ್ಯಾಸವು ಬಹುಮಟ್ಟಿಗೆ ಆಯಾ ಸಂಸ್ಥಾನದ ಅಧೀನವಾದುದರಿಂದ ದೇಶಕ್ಕೆಲ್ಲ ಒಂದೇ ನಿಯಮವಿಲ್ಲ. ಟೆಕ್ಸಾಸಿನ ಸರಕಾರೀ ಕಾಲೇಜುಗಳಲ್ಲಿ ಪದವಿ ಬಯಸುವವನು ಚರಿತ್ರೆಯಲ್ಲಿ 6, ರಾಜ್ಯಾಡಳಿತದಲ್ಲಿ 6 ಕ್ರೆಡಿಟ್‌ಗಳಷ್ಟು ವ್ಯಾಸಂಗ ಮಾಡಲೇಬೇಕು. ದಕ್ಷಿಣ ಕೆರೊಲಿನಾದ 2021ರ ಕಾಯಿದೆಯು 3 ಕ್ರೆಡಿಟ್‌ಗಳನ್ನಷ್ಟೇ ಕೇಳುವುದಾದರೂ ಓದತಕ್ಕ ಮೂಲಗಳನ್ನು ಹೆಸರಿಸಿಯೇ ಹೇಳಿದೆ: ರಾಜ್ಯಾಂಗ, ಸ್ವಾತಂತ್ರ್ಯ ಘೋಷಣೆ, ದಾಸ್ಯವಿಮೋಚನೆಯ ಘೋಷಣೆ, ಫೆಡರಲಿಸ್ಟ್ ಲೇಖನಗಳಲ್ಲಿ ಕನಿಷ್ಠ 5, ಆಫ್ರಿಕನ್ ಅಮೆರಿಕನರ ಹೋರಾಟಕ್ಕೆ ಆಧಾರವಾದ ಬರಹವೊಂದು.

ಇದಕ್ಕೆ ಆಕ್ಷೇಪಗಳುಂಟು. ಬಲವಂತದಿಂದ ಹುಡುಗನನ್ನು ಬೆಂಚಿನ ಮೇಲೆ ಕೂರಿಸಬಹುದಲ್ಲದೆ ಅವನಲ್ಲಿ ಜಿಜ್ಞಾಸೆಯನ್ನು ಹುಟ್ಟಿಸಲಾಗದೆಂಬುದು ಒಂದು. ಅಧಿಕಾರದಲ್ಲಿರುವವರು ಪಾಠವನ್ನು ಸ್ತುತಿಪಾಠವಾಗಿ ಮಾರ್ಪಡಿಸಿಯಾರೆಂಬುದು ಇನ್ನೊಂದು. ಮೊದಲನೆಯದು ಎಲ್ಲ ಪಾಠಕ್ಕೂ ಸಲ್ಲುವ ಮಾತು. ಎರಡನೆಯದನ್ನು ನಾವು ಹಗುರವಾಗಿ ಎಣಿಸೆವು. ಸೂತ್ರವನ್ನು ಕಾಣದೆ ವ್ಯಾಖ್ಯಾನವನ್ನೇ ನೆಚ್ಚಿದವನು ವ್ಯಾಖ್ಯಾನಕಾರನ ಕೈವಶನಾಗುವನು. ಆದಕಾರಣವೇ ಮೂಲವನ್ನು ಓದಿಸಬೇಕೆಂಬ ವಿಧಿಯು ನಮಗೆ ಮೆಚ್ಚಿಕೆಯಾಯಿತು.

ಮೂಲವು ಯಾರ ಮುಖವನ್ನೂ ನೋಡಿ ಮಾತನಾಡುವುದಿಲ್ಲ. ಮನುಷ್ಯರೆಲ್ಲರೂ ಸಮಾನರೆಂದು 1776ರ ಘೋಷಣೆಯು ಸಾರಿತು. 1787ರಲ್ಲಿ ರಚಿತವಾದ ರಾಜ್ಯಾಂಗವು ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ 5 ಮಂದಿ ಗುಲಾಮರನ್ನು 3 ಮಂದಿಯೆಂದು ಎಣಿಸಿತು. ಆದರೂ ಗುಲಾಮರೆಂಬ ಶಬ್ದವನ್ನು ಬಳಸಲು ಅಂಜಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು 1860ರಲ್ಲಿ ಎಲ್ಲಕ್ಕಿಂತ ಮೊದಲು ಒಕ್ಕೂಟವನ್ನು ತೊರೆದದ್ದು ಇದೇ ದಕ್ಷಿಣ ಕೆರೊಲಿನಾ. 1863ರಲ್ಲಿ ಲಿಂಕನ್ನನ ವಿಮೋಚನಾ ಘೋಷಣೆ, 1865ರಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ 13ನೆಯ ತಿದ್ದುಪಡಿ. ಇವನ್ನು ಒಂದರ ಪಕ್ಕದಲ್ಲೊಂದಿಟ್ಟು ಓದಿದ ವಿದ್ಯಾರ್ಥಿಯು ತನ್ನ ದೇಶಕ್ಕೆ ಹೊಗಳುಭಟನೂ ಆಗನು, ನಿಂದಕನೂ ಆಗನು.

ಇನ್ನೊಂದು ನ್ಯಾಯವನ್ನೂ ವಾಚಕರು ಗಮನಿಸಬೇಕು. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲಸಿ ಪೌರತ್ವ ಬಯಸುವ ಕನ್ನಡಿಗನು ಸಾಮಾನ್ಯವಾಗಿ ಆ ದೇಶದ ಚರಿತ್ರೆ, ಆಡಳಿತಗಳನ್ನು ಕುರಿತ ಪ್ರಶ್ನೆಗಳಿಗೆ ಅಧಿಕಾರಿಯ ಮುಂದೆ ಉತ್ತರ ಹೇಳಬೇಕು. ಪೌರನಾಗಿಯೇ ಹುಟ್ಟಿದವನಿಗೆ ಆ ಪರೀಕ್ಷೆಯಿಲ್ಲ. 1971ರ ತಿದ್ದುಪಡಿಯ ಮೇರೆಗೆ 18 ವರ್ಷ ತುಂಬಿದರೆ ಮತಾಧಿಕಾರವು ಅವನಿಗೆ ತಾನಾಗಿ ದೊರೆಯುವುದು. ಹೊರಗಿನವನಿಂದ ಕೇಳುವ ತಿಳಿವಳಿಕೆಯನ್ನು ಮನೆಮಗನಿಂದ ಕೇಳಿದರೆ ಅದು ಅನ್ಯಾಯವಾದೀತೇ?

ಆದುದರಿಂದ ಕಡ್ಡಾಯವಿರಲಿ ಎಂಬುದೇ ನಮ್ಮ ಮತ. ಆದರೆ ಕಾಯಿದೆಯು ಯಾವುದನ್ನು ಓದಬೇಕೆಂದು ಹೇಳಿ ಅಲ್ಲಿಗೇ ನಿಲ್ಲತಕ್ಕದ್ದು. ಓದಿ ಏನೆಂದು ತೀರ್ಮಾನಿಸಬೇಕೆಂಬುದನ್ನು ಉಪಾಧ್ಯಾಯನಿಗಾಗಲಿ ವಿದ್ಯಾರ್ಥಿಗಾಗಲಿ ಅದು ವಿಧಿಸಲಾಗದು.